ರನ್‌ವೇಯ ಪಡುವಣ ತುದಿ

ಆ ಬುಧವಾರ ಬೆಳಿಗ್ಗೆ ನಾನು ಬಿಳಿ ಬಟ್ಟೆ ಏರಿಸಬಾರದಿತ್ತು. ಏರಿಸಿದ ಮೇಲಾದರೂ ಇಳಿಸಬೇಕಿತ್ತು. ಇಳಿಸುವುದಕ್ಕೆ ಹೆಚ್ಚು ಕಡಿಮೆ ಒಂದು ಗಂಟೆ ಸಮಯವಿತ್ತು. ಇಳಿಸಲಿಲ್ಲ. ಆಮೇಲೆ ವಿಚಾರಣೆಗೆ ಬಂದವರು ಕೇಳಿದಾಗ ಇದ್ದದ್ದನ್ನು ಇದ್ದ ಹಾಗೆ ಹೇಳಬೇಕಿತ್ತು. ಅದನ್ನೂ ಮಾಡಲಿಲ್ಲ. ನನ್ನ ಅಣ್ಣನ ಕೆಲಸ ಹೋಯಿತು. ನನ್ನ ಕೆಲಸ ಖಾಯಂ ಆಯಿತು.

ಇದು ನಡೆದು ಆರು ವರ್ಷವಾಯಿತು. ನಾನು ಆರನೇ ಕ್ಲಾಸಿನವರೆಗೆ ಓದಿದವಳು. ಬರೆದು ಅಭ್ಯಾಸವಿಲ್ಲ. ನಡೆದ ಕ್ರಮದಲ್ಲೇ ಹೇಳುತ್ತೇನೆ.

ನಮ್ಮ ಊರು ಕುಶಾಲನಗರದಿಂದ ಕೊಡ್ಲಿಪೇಟೆ ಕಡೆ ಹೋಗುವ ದಾರಿಯಿಂದ ಸ್ವಲ್ಪ ಒಳಗಿದೆ. ತಾತನ ಕಾಲದಲ್ಲಿ ಹಾಸನದ ಕಡೆಯಿಂದ ಬಂದು ನೆಲೆಸಿದವರು ನಾವು. ನಮ್ಮ ಭಾಗದಲ್ಲಿ ಕಾಫಿ ಕಡಿಮೆ. ಮುಸುಕಿನ ಜೋಳ, ಶುಂಠಿ, ಸ್ವಲ್ಪ ಭತ್ತ. ನೆಲ ಮಟ್ಟಸ. ಆ ಮಟ್ಟಸದ ಕಾರಣಕ್ಕೇ ಯಾವುದೋ ಕಾಲದಲ್ಲಿ ಸರ್ಕಾರದವರು ಊರಾಚೆ ಒಂದು ರನ್‌ವೇ ಹಾಕಿದ್ದರು. ದೊಡ್ಡವರು ಬಂದು ಇಳಿಯುವುದಕ್ಕೆ ಅಂತ. ದೊಡ್ಡವರು ನಾಲ್ಕಾರು ಸಲ ಬಂದರು, ಆಮೇಲೆ ಹೆಲಿಕಾಪ್ಟರಿನಲ್ಲಿ ಮಡಿಕೇರಿಗೇ ಹೋಗತೊಡಗಿದರು. ಉಳಿದ ಟಾರು, ಬೇಲಿ, ಒಂದು ಶೀಟಿನ ಶೆಡ್ಡು ಎಲ್ಲವನ್ನೂ ಪಟ್ಟಣ ಪಂಚಾಯ್ತಿಯ ತಲೆಗೆ ಕಟ್ಟಿದರು. ಬೀದಿ ದೀಪಕ್ಕೆ ಬಲ್ಬು ತರಲು ಒದ್ದಾಡುವ ಪಂಚಾಯ್ತಿ ಅದು. ವಿಮಾನ ನಿಲ್ದಾಣ ನಡೆಸು ಎಂದರೆ ಏನು ಮಾಡೀತು? ವಾಲ್‌ಮನ್ ಆಗಿದ್ದ ನನ್ನ ಅಣ್ಣನನ್ನು ನೀರು ಬಿಡುವ ಕೆಲಸದಿಂದ ತೆಗೆದು ಅಲ್ಲಿಗೆ ಹಾಕಿತು. ಊರಿನವರು ಅದನ್ನು ಪ್ಲೇನ್ ಗ್ರೌಂಡ್ ಅನ್ನುತ್ತಿದ್ದರು. ಅಣ್ಣ ಮಾತ್ರ ಫೋನಿನಲ್ಲಿ ಯಾರಾದರೂ ಕೇಳಿದರೆ ‘ಏರ್‌ಪೋರ್ಟಿಂದ ಮಾತಾಡ್ತಿರೋದು’ ಎನ್ನುತ್ತಿದ್ದ.

ಆಗ ನಾನು ಪಂಚಾಯ್ತಿಯಲ್ಲಿ ಕಸ ಗುಡಿಸುವ ಕೆಲಸಕ್ಕೆ ಹೊರಗುತ್ತಿಗೆಯಲ್ಲಿದ್ದೆ. ಅಣ್ಣನೇ ಮುಖ್ಯಾಧಿಕಾರಿಗಳ ಹತ್ತಿರ ಹೋಗಿ, ಇನ್ನೊಂದು ಆಳು ಬೇಕೇ ಬೇಕು ಎಂದು ಕೇಳಿ ನನ್ನನ್ನು ಅಲ್ಲಿಗೆ ಹಾಕಿಸಿಕೊಂಡ. ಅಷ್ಟು ದೊಡ್ಡ ಜಾಗಕ್ಕೆ ನಾವಿಬ್ಬರೇ. ಅವನು ಮ್ಯಾನೇಜರ್, ನಾನು ಉಳಿದದ್ದೆಲ್ಲ.

ಕೇಳಿದ್ದು ಯಾವುದೂ ಸಿಗುತ್ತಿರಲಿಲ್ಲ. ರನ್‌ವೇಗೆ ಬಿಳಿ ಗೆರೆ ಎಳೆಯಬೇಕು, ಪೇಂಟು ಕೊಡಿ ಎಂದರೆ ‘ಮುಂದಿನ ವರ್ಷ’. ನಾವು ಸುಣ್ಣದಲ್ಲಿ ಎಳೆದೆವು. ಒಂದು ಮಳೆಗೆ ತೊಳೆದು ಹೋಗುತ್ತಿತ್ತು, ಮತ್ತೆ ಎಳೆಯುತ್ತಿದ್ದೆವು. ಬೆಂಕಿ ಆರಿಸಲು ಕೆಂಪು ಬಕೆಟ್ಟಿನಲ್ಲಿ ಮರಳು, ಜೊತೆಗೆ ಪಂಚಾಯ್ತಿಯ ನೀರಿನ ಟ್ಯಾಂಕರ್. ಟ್ಯಾಂಕರ್ ಬರಬೇಕಾದರೆ ಅವತ್ತು ಯಾವುದಾದರೂ ಬೀದಿಗೆ ನೀರು ತಪ್ಪಬೇಕು. ಟಾರು ಬಿರುಕು ಬಿಟ್ಟಲ್ಲಿ ರಸ್ತೆ ಕೆಲಸದವರು ಮಿಗಿಸಿದ ಜಲ್ಲಿ ಟಾರನ್ನು ಅಣ್ಣ ಬೇಡಿ ತಂದು ತೇಪೆ ಹಾಕುತ್ತಿದ್ದ. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ತೋರಿಸುವ ಬಟ್ಟೆಯ ಚೀಲ ಒಂದು ಕಂಬದ ಮೇಲೆ ಇರಬೇಕು. ಹಳೆಯದು ಚಿಂದಿಯಾದಾಗ ನಾನು ಚುನಾವಣೆ ಮುಗಿದ ಮೇಲೆ ಬಿದ್ದಿದ್ದ ಬಾವುಟಗಳನ್ನು ಸೇರಿಸಿ ಒಂದು ಹೊಲಿದೆ. ಮುಖ್ಯಾಧಿಕಾರಿಗಳು ಬಂದು ನೋಡಿ ಹೌಹಾರಿದರು.

‘ಏನಯ್ಯಾ ಇದು? ಒಂದು ಪಾರ್ಟಿ ಬಾವುಟಾನ ಸರ್ಕಾರಿ ಕಂಬಕ್ಕೆ ಕಟ್ಟಿದ್ದೀಯ? ನನ್ನ ಟ್ರಾನ್ಸ್‌ಫರ್ ಮಾಡಿಸ್ಬೇಕು ಅಂತಿದ್ದೀಯಾ?’

ಅಣ್ಣ ಕೈ ಕಟ್ಟಿ ನಿಂತು ಹೇಳಿದ: ‘ಒಂದೇ ಪಾರ್ಟಿದಲ್ಲ ಸಾರ್, ನೋಡಿ. ಮೂರೂ ಪಾರ್ಟಿದು ಸೇರ್ಸಿ ಹೊಲ್ದವ್ಳೆ. ಗಾಳಿ ಬಂದ ಕಡೆ ತಿರುಗ್ತವೆ, ಅದ್ಕೆ ಅವೇ ಸರಿ ಅಂತ.’

ಅವರಿಗೂ ನಗು ತಡೆಯಲಿಲ್ಲ. ಆ ಚೀಲ ಹಾಗೇ ಉಳಿಯಿತು.

ನಮ್ಮ ರನ್‌ವೇಯ ನಡುವೆ ಒಂದು ಉಬ್ಬು ಇತ್ತು. ಶೆಡ್ಡು ಇದ್ದದ್ದು ಮೂಡಣ ತುದಿಯಲ್ಲಿ. ಅಲ್ಲಿ ನಿಂತರೆ ಉಬ್ಬಿನವರೆಗೆ ಕಾಣುತ್ತದೆ, ಅದರಾಚೆ ಪಡುವಣ ತುದಿ ಕಾಣುವುದಿಲ್ಲ. ಕ್ಯಾಮೆರಾ ಹಾಕಿಸುವಷ್ಟು ಶಕ್ತಿ ಯಾರಿಗಿತ್ತು? ಅದಕ್ಕೆ ಅಣ್ಣ ಒಂದು ಪದ್ಧತಿ ಮಾಡಿದ್ದ. ಅಪರೂಪಕ್ಕೆ ಬರುವ ಸಣ್ಣ ವಿಮಾನವೇ ಇರಲಿ, ಅದು ಬರುವ ಮುಂಚೆ ಮೂಡಣ ಅರ್ಧವನ್ನು ಅವನು ನಡೆಯಬೇಕು, ಪಡುವಣ ಅರ್ಧವನ್ನು ನಾನು. ಕಲ್ಲು, ಸಗಣಿ, ಒಣಗಿದ ಕಡ್ಡಿ ಎಲ್ಲ ಆರಿಸಬೇಕು, ದನ ನಾಯಿ ಓಡಿಸಬೇಕು. ನನ್ನ ಕಡೆ ಎಲ್ಲ ಸರಿ ಇದ್ದರೆ ತುದಿಯಲ್ಲಿ ನೆಟ್ಟಿದ್ದ ಉದ್ದನೆಯ ಬಿದಿರಿಗೆ ಹಗ್ಗದಲ್ಲಿ ಬಿಳಿ ಬಟ್ಟೆ ಏರಿಸಬೇಕು. ಅಷ್ಟು ಎತ್ತರದ ಬಟ್ಟೆ ಉಬ್ಬಿನ ಮೇಲೆ ಎದ್ದು ಶೆಡ್ಡಿನ ಕಡೆಯಿಂದಲೇ ಅವನಿಗೆ ಕಾಣುತ್ತಿತ್ತು. ಕಂಡ ಮೇಲೆ ಅವನು ರಿಜಿಸ್ಟರಿನಲ್ಲಿ ‘ರನ್‌ವೇ ಪರಿಶೀಲಿಸಲಾಗಿದೆ’ ಎಂದು ಬರೆದು ಸಹಿ ಹಾಕುತ್ತಿದ್ದ. ಬಟ್ಟೆ ಇಳಿದರೆ ಯಾರೇ ಇರಲಿ, ವಿಮಾನ ಏಳುವ ಹಾಗಿಲ್ಲ. ‘ಮಂತ್ರಿ ಕೂತಿದ್ರೂ ನೀನು ಇಳ್ಸು. ಮಿಕ್ಕಿದ್ದು ನಾನು ನೋಡ್ಕತೀನಿ’ ಎಂದು ಅಣ್ಣ ಹೇಳಿದ್ದ. ಅವನು ನನ್ನ ಕಡೆಯ ಅರ್ಧವನ್ನು ಒಮ್ಮೆಯೂ ಬಂದು ಪರೀಕ್ಷೆ ಮಾಡಲಿಲ್ಲ. ತಂಗಿ ಬಟ್ಟೆ ಏರಿಸಿದ್ದಾಳೆ ಎಂದರೆ ಮುಗಿಯಿತು.

ಇನ್ನೊಂದು ಕಟ್ಟುನಿಟ್ಟು ಅವನದು. ರನ್‌ವೇ ಮೇಲೆ ಯಾರೂ ಏನೂ ಒಣಗಿಸಬಾರದು. ನಮ್ಮ ಕಡೆ ಜೋಳ ಮುರಿಯುವ ಕಾಲಕ್ಕೆ ಮಳೆ ಇನ್ನೂ ಪೂರ್ತಿ ಬಿಟ್ಟಿರುವುದಿಲ್ಲ. ಬಿಡಿಸಿದ ಕಾಳನ್ನು ಎರಡು ಮೂರು ದಿನ ಬಿಸಿಲಿಗೆ ಹರವದಿದ್ದರೆ ಬೂಷ್ಟು ಹಿಡಿಯುತ್ತದೆ. ಎಲ್ಲರಿಗೂ ಸಿಮೆಂಟಿನ ಕಣ ಇಲ್ಲ. ಟಾರು ರಸ್ತೆಯ ಅರ್ಧಕ್ಕೆ ಹರವಿ, ಸುತ್ತ ಕಲ್ಲಿಟ್ಟು ಕಾಯುತ್ತಾ ಕೂರುತ್ತಾರೆ. ಅಂಥ ಊರಿನಲ್ಲಿ ಒಂದು ಕಿಲೋಮೀಟರು ಉದ್ದದ ಕಪ್ಪು ನೆಲ, ವಾರದಲ್ಲಿ ಹೆಚ್ಚು ದಿನ ಖಾಲಿ ಬಿದ್ದಿದ್ದರೆ ಯಾರಿಗೆ ಆಸೆಯಾಗುವುದಿಲ್ಲ? ಪಂಚಾಯ್ತಿ ಅಧ್ಯಕ್ಷರ ಭಾವಮೈದ ಕೇಳಿದ. ಅಣ್ಣ ಆಗುವುದಿಲ್ಲ ಎಂದ. ನಮ್ಮ ಕೆಳಗಿನ ಮನೆಯ ಅಜ್ಜಿ ಕೇಳಿದಳು. ಗಂಡನೂ ಮಕ್ಕಳೂ ಇಲ್ಲದ ಒಂಟಿ ಜೀವ, ಅರ್ಧ ಎಕರೆಯಲ್ಲಿ ಜೋಳ ಹಾಕುತ್ತಿದ್ದಳು. ಅವಳಿಗೂ ಅದೇ ಉತ್ತರ.

‘ಒಂದು ಕಾಳು ಬಿದ್ರೆ ನೂರು ಹಕ್ಕಿ ಬತ್ತವೆ ಅಜ್ಜಿ. ಹಕ್ಕಿ ಇಂಜಿನ್ನಿಗೆ ಹೋದ್ರೆ ಜನ ಸಾಯ್ತಾರೆ’ ಎಂದು ಅಣ್ಣ ಸಮಾಧಾನವಾಗಿಯೇ ಹೇಳಿದ್ದ.

‘ಓಹೋಹೋ! ಗ್ರೌಂಡೇನು ನಿಮ್ಮ ಮಾವ ವರದಕ್ಷಿಣೆ ಕೊಟ್ಟವ್ನಾ?’ ಎಂದು ಅಜ್ಜಿ ಸೊಂಟದ ಮೇಲೆ ಕೈ ಇಟ್ಟಳು. ‘ಹಕ್ಕಿಗೆ ಅಷ್ಟು ಹೆದರೋ ಪ್ಲೇನು ಆಕಾಸಕ್ಕೆ ಯಾಕಪ್ಪ ಹೋಯ್ತದೆ? ನೆಲದ ಮೇಲೆ ಬಸ್ಸಿದ್ದಂಗೆ ಇರಕ್ಕೆ ಹೇಳು.’

ಅಣ್ಣ ನಕ್ಕು, ಅವಳ ಜೋಳವನ್ನು ತನ್ನ ಮನೆಯ ಮಹಡಿಯ ಮೇಲೆ ಒಣಗಿಸಿಕೊಳ್ಳಲು ಹೇಳಿದ. ಅತ್ತಿಗೆ ಮೂರು ದಿನ ಕಾವಲು ಕೂತರು.

ಆ ವರ್ಷ ಬೆಂಗಳೂರಿನ ಒಂದು ಕಂಪನಿಯವರು ಬಂದು, ಒಂಬತ್ತು ಸೀಟಿನ ವಿಮಾನವನ್ನು ಚಳಿಗಾಲ ಪೂರ್ತಿ ಗುರುವಾರ, ಭಾನುವಾರ ಓಡಿಸಿ ನೋಡುತ್ತೇವೆ ಎಂದರು. ತೊಂದರೆ ಇಲ್ಲದೆ ನಡೆದರೆ ವರ್ಷವಿಡೀ ಬರುತ್ತೇವೆ ಎಂದರು. ಅಣ್ಣನಿಗೆ ಅದಕ್ಕಿಂತ ಬೇರೆ ಮಾತೇ ಇರಲಿಲ್ಲ. ಬಸ್ ನಿಲ್ದಾಣದ ಹಳೇ ಬೆಂಚು ಎರಡನ್ನು ಬಣ್ಣ ಹೊಡೆದು ತಂದ. ಪ್ರಯಾಣಿಕರ ಬ್ಯಾಗು ತೂಗಲು ಮೆಣಸಿನ ವ್ಯಾಪಾರಿಯ ಹತ್ತಿರ ತಕ್ಕಡಿ ಎರವಲು ತಂದ. ಅತ್ತಿಗೆ ಫ್ಲಾಸ್ಕಿನಲ್ಲಿ ಕಾಫಿ ಕಳಿಸುತ್ತಿದ್ದರು. ವಿಮಾನ ಓಡಿಸುವ ಸಾಹೇಬರು ಒಂದು ಸಲ ಕಾಫಿ ಕುಡಿದು, ‘ಇಂಥ ಕ್ಲೀನ್ ರನ್‌ವೇ ದೊಡ್ಡ ದೊಡ್ಡ ಕಡೆ ಕೂಡ ನೋಡಿಲ್ಲ’ ಎಂದರಂತೆ. ಅಣ್ಣ ಅದನ್ನು ನನಗೆ ಹೇಳಿದ್ದು ಮೂರು ಸಲ. ಮೂರು ಸಲವೂ ‘ನಿನ್ನ ಕಡೆದೂ ಸೇರ್ಸೇ ಹೇಳಿದ್ದು ಅವ್ರು’ ಎಂದ.

ಆ ವರ್ಷವೇ ನಾನೂ ನನ್ನ ಗಂಡನೂ ಒಂದು ಎಕರೆ ಗುತ್ತಿಗೆಗೆ ಹಿಡಿದು ಜೋಳ ಹಾಕಿದ್ದೆವು. ಬಿಡಿಸುವ ಹೊತ್ತಿಗೆ ಸರಿಯಾಗಿ ನಾಲ್ಕು ದಿನ ಮಳೆ. ಮನೆಯೊಳಗೆ ಹರವಿದ ಕಾಳು ಬಿಸಿಯಾಗಿ ವಾಸನೆ ಬರಲು ಶುರುವಾಯಿತು. ಸೋಮವಾರ ಬಿಸಿಲು ಬಿತ್ತು. ಊರಿನ ರಸ್ತೆಯೆಲ್ಲ ಆಗಲೇ ಬೇರೆಯವರ ಜೋಳದಿಂದ ತುಂಬಿತ್ತು. ಅಣ್ಣನ ಮಹಡಿ ಇತ್ತು, ಕೇಳಿದ್ದರೆ ಇಲ್ಲ ಎನ್ನುತ್ತಿರಲಿಲ್ಲ. ಅಲ್ಲಿ ಅಷ್ಟೂ ಹಿಡಿಯುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಹಿಡಿಯುತ್ತಿತ್ತೋ ಏನೋ. ಎರಡು ಸಲ ಹರವಿದ್ದರೆ ಹಿಡಿಯುತ್ತಿತ್ತು. ನಿಜ ಏನೆಂದರೆ, ಪಡುವಣ ತುದಿ ನನ್ನದು, ಅಲ್ಲಿ ನಾನು ಏನು ಮಾಡಿದರೂ ಉಬ್ಬಿನಾಚೆ ಯಾರಿಗೂ ಕಾಣುವುದಿಲ್ಲ ಎನ್ನುವುದು ನನ್ನ ಮನಸ್ಸಿಗೆ ಬಂದುಬಿಟ್ಟಿತ್ತು. ಗುರುವಾರದವರೆಗೆ ವಿಮಾನವಿಲ್ಲ. ಬುಧವಾರ ಸಂಜೆಗೆ ಬಾಚಿ ತೆಗೆದರಾಯಿತು. ಸೋಮವಾರ ಗಂಡ ಹಿಂದಿನ ಬೇಲಿಯ ಕಡೆಯಿಂದ ಚೀಲ ಹೊತ್ತು ತಂದು ಸುರಿದು ಹೋದ. ನಾನು ಹರವಿದೆ. ಕಪ್ಪು ಟಾರಿನ ಮೇಲೆ ಕಾಳು ಚಿನ್ನದ ಹಾಗೆ ಒಣಗಿತು. ಮಂಗಳವಾರ ಒಂದು ಮುಷ್ಟಿ ಎತ್ತಿ ಹಲ್ಲಿನಲ್ಲಿ ಕಡಿದು ನೋಡಿದೆ. ಟಣ್ ಎನ್ನುವಂತಿತ್ತು. ಇನ್ನೊಂದು ದಿನ ಎಂದುಕೊಂಡೆ.

ಬುಧವಾರ ಎಂಟು ಗಂಟೆಗೆ ನಾನು ಗೇಟಿನೊಳಗೆ ಕಾಲಿಡುವಾಗಲೇ ಅಣ್ಣ ಶೆಡ್ಡಿನಿಂದ ಓಡಿ ಬಂದ.

‘ತಂಗೀ, ಇವತ್ತೇ ಬತ್ತಾವ್ರೆ! ನಾಳೆ ಬದ್ಲು ಇವತ್ತು. ಹತ್ತಕ್ಕೆ ಇಳೀತಾರಂತೆ. ನೀನು ಆ ಕಡೆ ಹೋಗು, ಬೇಗ.’

‘ನಾಳೆ ಅಂದಿದ್ರಲ್ಲಣ್ಣ?’

‘ಅವ್ರ ಪ್ಲೇನು, ಅವ್ರ ಇಷ್ಟ. ಯಾಕೆ, ಏನಾಯ್ತು ನಿಂಗೆ? ಮಕ ಯಾಕೆ ಹಂಗಾಯ್ತು?’

‘ಏನಿಲ್ಲ’ ಎಂದೆ.

ಓಡಿದೆ. ಒಬ್ಬಳೇ. ಪೊರಕೆಯಿಂದ ಗುಡ್ಡೆ ಮಾಡುವುದು, ಮಂಕರಿಯಲ್ಲಿ ಎತ್ತಿ ಚೀಲಕ್ಕೆ ಸುರಿಯುವುದು. ಅವಸರಕ್ಕೆ ಅರ್ಧ ಹೊರಗೆ ಚೆಲ್ಲುತ್ತಿತ್ತು. ದೊಡ್ಡ ಗುಡ್ಡೆಗಳೆಲ್ಲ ಚೀಲ ಸೇರಿದವು. ಆದರೆ ಆ ಟಾರು ಹಳೆಯದು, ಬಿರುಕುಗಳಿಂದ ತುಂಬಿದ್ದು. ಬಿರುಕಿನೊಳಗೆ, ತೇಪೆಯ ಅಂಚಿನಲ್ಲಿ, ಪಕ್ಕದ ಹುಲ್ಲಿನಲ್ಲಿ ಕಾಳು ಹಾಗೇ ಇತ್ತು. ಅದನ್ನು ತೆಗೆಯಬೇಕಾದರೆ ಕೂತು ಕಡ್ಡಿಯಿಂದ ಕೆದಕಬೇಕು. ಚೀಲಗಳನ್ನು ಬೇಲಿಯ ಪಕ್ಕದ ಲಂಟಾನದ ಪೊದೆಗೆ ಎಳೆಯುತ್ತಿರುವಾಗಲೇ ವಿಮಾನದ ಸದ್ದು ಕೇಳಿಸಿತು. ಉಬ್ಬಿನ ಆ ಕಡೆಯಿಂದ ಅಣ್ಣ ಎತ್ತಿ ಬೀಸುತ್ತಿದ್ದ ಕೈ ಮಾತ್ರ ಕಾಣುತ್ತಿತ್ತು. ಬಟ್ಟೆ ಎಲ್ಲಿ ಎಂದು ಕೇಳುತ್ತಿದ್ದ.

ಏರಿಸಿದೆ.

ವಿಮಾನ ಮೂಡಣದಿಂದ ಇಳಿದು ಉಬ್ಬಿನ ಆಚೆಯೇ ನಿಂತಿತು. ನನ್ನ ಕಡೆ ಬರಲೇ ಇಲ್ಲ. ದೇವರು ಕಾಪಾಡಿದ ಎಂದುಕೊಂಡೆ. ಅದು ಜನರನ್ನು ಹತ್ತಿಸಿಕೊಂಡು ಮತ್ತೆ ಹೊರಡಲು ಒಂದು ಗಂಟೆ ಇತ್ತು. ಆ ಗಂಟೆಯಲ್ಲಿ ನಾನು ಏನು ಮಾಡಿದೆ ಎಂಬುದನ್ನು ಆರು ವರ್ಷ ದಿನವೂ ನೆನೆದಿದ್ದೇನೆ. ಮೋಡ ಕಟ್ಟಿಕೊಂಡು ಬರುತ್ತಿತ್ತು. ಚೀಲದ ಬಾಯಿ ತೆರೆದಿತ್ತು. ಮಳೆ ಬಂದರೆ ಎರಡು ದಿನ ಒಣಗಿಸಿದ್ದು ನೀರು ಪಾಲು. ನಾನು ಪೊದೆಯ ಹಿಂದೆ ಕೂತು ದಬ್ಬಳಕ್ಕೆ ಗೋಣಿದಾರ ಪೋಣಿಸಿ ಚೀಲಗಳ ಬಾಯಿ ಹೊಲಿಯುತ್ತಿದ್ದೆ.

ಹಕ್ಕಿಗಳು ಬಂದವು. ಮೊದಲು ಎರಡು ಬೆಳವ. ಆಮೇಲೆ ಗೊರವಂಕ. ಆಮೇಲೆ ಪಾರಿವಾಳದ ಹಿಂಡು ಒಂದು ಸುತ್ತು ಹಾಕಿ ಇಳಿಯಿತು. ನಾನು ನೋಡಿದೆ. ನೋಡಲಿಲ್ಲ ಎಂದು ಹೇಳಲಾರೆ. ಎದ್ದು ಹೋಗಿ ಸೆರಗು ಬೀಸಿ ಓಡಿಸಿದೆ. ಹಾರಿ, ಸುತ್ತು ಹಾಕಿ, ಮತ್ತೆ ಅಲ್ಲೇ ಕೂತವು. ಆಗ ಹಗ್ಗಕ್ಕೆ ಕೈ ಹಾಕಬೇಕಿತ್ತು. ಹಾಕಿದ್ದರೆ ಅಣ್ಣ ಓಡಿ ಬರುತ್ತಿದ್ದ, ಕಾಳು ನೋಡುತ್ತಿದ್ದ, ಚೀಲ ನೋಡುತ್ತಿದ್ದ. ಅಧ್ಯಕ್ಷರ ಕಡೆಯವರಿಗೇ ಇಲ್ಲ ಎಂದವನ ತಂಗಿ! ಅವನು ನನ್ನನ್ನು ಬಯ್ಯುತ್ತಿರಲಿಲ್ಲ. ಬಯ್ಯದೆ ನೋಡುತ್ತಿದ್ದ. ಆ ನೋಟ ನನಗೆ ಬೇಡವಾಗಿತ್ತು. ಇನ್ನು ಎರಡು ಚೀಲ ಉಳಿದಿದ್ದವು. ಅವನ್ನು ಹೊಲಿದು ಮತ್ತೆ ಓಡಿಸಿದರಾಯಿತು ಎಂದು ಕೂತೆ.

ವಿಮಾನ ಉಬ್ಬನ್ನು ದಾಟಿ ಬರುವಾಗ ಹಿಂಡು ಒಟ್ಟಿಗೆ ಎದ್ದಿತು. ಬಟ್ಟೆ ಒಗೆಯುವಾಗ ಕಲ್ಲಿಗೆ ಬಡಿದಂಥ ಸದ್ದು, ಒಂದರ ಹಿಂದೆ ಒಂದು. ಆಮೇಲೆ ಇಂಜಿನ್ನಿನ ಸದ್ದೇ ಬೇರೆಯಾಯಿತು. ನೆಲ ಬಿಟ್ಟು ಸ್ವಲ್ಪವೇ ಮೇಲೆ ಹೋಗಿದ್ದ ವಿಮಾನ ಮತ್ತೆ ನೆಲಕ್ಕೆ ಬಡಿದು, ತುದಿ ದಾಟಿ, ಬೇಲಿ ಹರಿದುಕೊಂಡು ಚರಂಡಿಗೆ ಮೂತಿ ಇಟ್ಟು ನಿಂತಿತು. ಯಾರೂ ಸಾಯಲಿಲ್ಲ. ಒಬ್ಬ ಹೆಂಗಸಿನ ಸೊಂಟ ಮುರಿಯಿತು. ಕಾಫಿ ಕುಡಿದು ಹೊಗಳಿದ್ದ ಸಾಹೇಬರ ಮುಖ ಪೂರ್ತಿ ರಕ್ತ. ಅಣ್ಣ ಮರಳಿನ ಬಕೆಟ್ ಹಿಡಿದು ಅಷ್ಟು ದೂರ ಓಡಿ ಬಂದ. ಬೆಂಕಿ ಬಿದ್ದಿರಲಿಲ್ಲ. ಆದರೂ ಅವನು ಬಕೆಟ್ ಕೆಳಗಿಡಲಿಲ್ಲ.

ನನ್ನ ಚೀಲಗಳು ಪೊದೆಯಲ್ಲಿದ್ದವು. ಯಾರೂ ಆ ಕಡೆ ನೋಡಲಿಲ್ಲ. ಎರಡು ದಿನ ಬಿಟ್ಟು ಗಂಡ ಬಂದು ಹಿಂದಿನಿಂದ ಹೊತ್ತು ಹೋದ.

ವಿಚಾರಣೆ ನಡೆದದ್ದು ಪಂಚಾಯ್ತಿಯ ಮೀಟಿಂಗ್ ಹಾಲಿನಲ್ಲಿ. ಹೊರಗಿನಿಂದ ಇಬ್ಬರು ಅಧಿಕಾರಿಗಳು ಬಂದಿದ್ದರು. ಮೇಜಿನ ಮೇಲೆ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಜೋಳದ ಕಾಳು. ಆಗ ಪೌರಕಾರ್ಮಿಕರನ್ನು ಖಾಯಂ ಮಾಡುವ ಪಟ್ಟಿ ಸಿದ್ಧವಾಗುತ್ತಿತ್ತು, ಅದರಲ್ಲಿ ನನ್ನ ಹೆಸರಿತ್ತು. ಹಿಂದಿನ ದಿನವೇ ಮುಖ್ಯಾಧಿಕಾರಿಗಳು ನನ್ನನ್ನು ಕರೆದು, ‘ಪಟ್ಟಿಯಲ್ಲಿ ಇರೋರ ಮೇಲೆ ಒಂದೂ ಕಂಪ್ಲೇಂಟ್ ಇರಬಾರದು ಕಣಮ್ಮ, ನೋಡ್ಕೊಂಡು ಮಾತಾಡು’ ಎಂದಿದ್ದರು. ಹನ್ನೊಂದು ವರ್ಷ ಗುತ್ತಿಗೆಯಲ್ಲಿ ಗುಡಿಸಿದವಳು ನಾನು. ಪ್ರತಿ ವರ್ಷ ಇವತ್ತು ತೆಗೆಯುತ್ತಾರೋ ನಾಳೆ ತೆಗೆಯುತ್ತಾರೋ ಎಂದು.

‘ಆ ಕಡೆ ಭಾಗ ಚೆಕ್ ಮಾಡಿದ್ದು ಯಾರು? ನೀವಾ?’ ಎಂದು ಕನ್ನಡಕದ ಅಧಿಕಾರಿ ನನ್ನನ್ನು ಕೇಳಿದರು.

ಅಣ್ಣ ಪಕ್ಕದ ಕುರ್ಚಿಯಲ್ಲಿ ಕೂತಿದ್ದ. ಒಗೆದ ಶರ್ಟು ಹಾಕಿಕೊಂಡು ಬಂದಿದ್ದ.

‘ನಾನು ಕಸ ಗುಡಿಸೋಳು ಸಾರ್’ ಎಂದೆ. ‘ಚೆಕ್ ಮಾಡೋದು, ಸೈನ್ ಹಾಕೋದು ಎಲ್ಲ ಅಣ್ಣ.’

‘ಬಿಳಿ ಬಟ್ಟೆ ಏರಿಸಿದ್ದು?’

‘ಅಣ್ಣ ಕೈ ಬೀಸಿದ್ರು, ಏರಿಸ್ದೆ.’

ಇದರಲ್ಲಿ ಒಂದು ಮಾತೂ ಸುಳ್ಳಲ್ಲ ಎಂದು ನಾನು ಎಷ್ಟೋ ದಿನ ನನಗೆ ನಾನೇ ವಾದ ಮಾಡಿಕೊಂಡಿದ್ದೇನೆ. ಪೂರ್ತಿ ಸುಳ್ಳು ಅದು.

ಅವರು ಅಣ್ಣನ ಕಡೆ ತಿರುಗಿದರು. ‘ಏನ್ರೀ, ಹೌದಾ?’

ಅಣ್ಣ ನನ್ನ ಕಡೆ ನೋಡಲಿಲ್ಲ. ಮೇಜಿನ ಮೇಲಿದ್ದ ಕಾಳನ್ನು ನೋಡಿದ. ‘ಹೌದು ಸಾರ್. ಸೈನ್ ನಂದೇ’ ಎಂದ.

‘ಇದು ಯಾರ ಜೋಳ?’

‘ಗೊತ್ತಿಲ್ಲ ಸಾರ್. ಊರೋರು ಯಾರೋ ನಂಗೆ ಗೊತ್ತಿಲ್ದಂಗೆ ಹರವ್ಬುಟ್ಟವ್ರೆ.’

ಹೊರಗೆ ಬಂದ ಮೇಲೆ ನನ್ನ ಬೆನ್ನ ಮೇಲೆ ಕೈ ಇಟ್ಟು, ‘ಹೆದರ್ಕೋಬೇಡ ಬುಡು. ನೀನು ಪಟ್ಟೀಲಿ ಉಳ್ಕೊಂಡ್ರೆ ಒಂದು ಮನೆಯಾದ್ರೂ ಉಳೀತದೆ’ ಎಂದ. ತಂಗಿ ಹೆದರಿ ಹಾಗೆ ಹೇಳಿದಳು ಎಂದಷ್ಟೇ ಅವನು ತಿಳಿದುಕೊಂಡಿದ್ದ. ಜೋಳ ನನ್ನದಿರಬಹುದು ಎನ್ನುವುದು ಅವನ ತಲೆಗೇ ಬಂದಿರಲಿಲ್ಲ.

ಅವನನ್ನು ಕೆಲಸದಿಂದ ತೆಗೆದರು. ಕಂಪನಿಯವರು ಮುರಿದ ವಿಮಾನವನ್ನು ಲಾರಿಯಲ್ಲಿ ತುಂಬಿಕೊಂಡು ಹೋದವರು ಮತ್ತೆ ಬರಲಿಲ್ಲ. ಮೂರು ತಿಂಗಳ ಮೇಲೆ ನನ್ನ ಖಾಯಂ ಆದೇಶ ಬಂತು. ಅತ್ತಿಗೆ ಅವತ್ತು ಸಿಹಿ ಮಾಡಿ ಕಳಿಸಿದರು.

ಕೆಲಸ ಹೋದ ಮೇಲೂ ಅಣ್ಣ ಕೆಲವು ತಿಂಗಳು ಬೆಳಿಗ್ಗೆ ಎದ್ದು ಪ್ಲೇನ್ ಗ್ರೌಂಡಿಗೆ ಹೋಗುತ್ತಿದ್ದ. ಒಬ್ಬನೇ ಎರಡೂ ಅರ್ಧ ನಡೆದು ಕಲ್ಲು ಆರಿಸಿ ಬರುತ್ತಿದ್ದ. ಯಾರಾದರೂ ಬಂದು ಮತ್ತೆ ಶುರು ಮಾಡಿದರೆ ಕೆಡದೆ ಇರಲಿ ಎಂದು. ಆಮೇಲೆ ಪಂಚಾಯ್ತಿಯವರು ಗೇಟಿಗೆ ಬೀಗ ಹಾಕಿದರು. ಅವನು ಗೇಟಿನವರೆಗೆ ಹೋಗಿ ಬರುತ್ತಿದ್ದ. ಆಮೇಲೆ ಅದೂ ನಿಂತಿತು. ಶುಂಠಿ ತೊಳೆಯುವ ಕಣದಲ್ಲಿ ಕೂಲಿಗೆ ಸೇರಿದ.

ಆದರೆ ಒಂದು ಮಾತ್ರ ಅವನಿಂದ ಬಿಡಲಾಗಲಿಲ್ಲ. ಜೋಳ ಯಾರದು? ಯೋಚಿಸಿ ಯೋಚಿಸಿ ಅವನು ಕೆಳಗಿನ ಮನೆಯ ಅಜ್ಜಿಯ ಹತ್ತಿರ ಬಂದು ನಿಂತ. ಅವಳೇ ಕೇಳಿದ್ದವಳು, ಅವಳ ಹೊಲವೇ ಹಿಂದಿನ ಬೇಲಿಗೆ ಹತ್ತಿರ. ಒಂದು ಸಂಜೆ ಅಂಗಡಿಯ ಮುಂದೆ, ಜನರ ಎದುರು, ಯಾವತ್ತೂ ದನಿ ಏರಿಸದವನು ಕೂಗಾಡಿದ.

‘ನನ್ನ ಮಹಡಿ ಕೊಟ್ಟಿದ್ನಲ್ಲ ನಿಂಗೆ! ಸಾಲ್ದಾಯ್ತಾ? ನಾಲ್ಕು ಮೂಟೆ ಜೋಳಕ್ಕೆ ನನ್ನ ಮನೆ ತೆಗ್ದ್ಯಲ್ಲ ಮುದ್ಕಿ!’

ಅಜ್ಜಿ ಕೂತು ನೆಲಕ್ಕೆ ಅಂಗೈ ಬಡಿದಳು. ‘ಭೂಮ್ತಾಯಾಣೆ, ನಂದಲ್ಲ ಕಣಪ್ಪ. ನಂದಾಗಿದ್ರೆ ನನ್ನ ಕೈ ಬಿದ್ದೋಗ್ಲಿ.’

ನಾನು ಅಂಗಡಿಯ ಪಕ್ಕದಲ್ಲೇ ಪೊರಕೆ ಹಿಡಿದು ನಿಂತಿದ್ದೆ. ಎರಡು ಹೆಜ್ಜೆ. ಇಡಲಿಲ್ಲ.

ಅವತ್ತಿನಿಂದ ಜನ ಅವಳನ್ನು ಕೂಲಿಗೆ ಕರೆಯುವುದು ಕಡಿಮೆ ಮಾಡಿದರು. ಮುಂದಿನ ವರ್ಷ ಜೋಳ ಮುರಿಯುವ ಕಾಲದಲ್ಲಿ ಅವಳು ನಮ್ಮ ಮನೆ ಮುಂದೆ ಹೋಗುತ್ತಾ ನಿಂತು, ನಮ್ಮ ಅಂಗಳದ ಕಾಳನ್ನು ಒಂದು ಹಿಡಿ ಎತ್ತಿ ನೋಡಿದಳು.

‘ಹೋದ್ವರ್ಷದ್ದು ಇದ್ಕಿಂತ ಚೆಂದಾಗಿ ಒಣಗಿತ್ತು, ಅಲ್ವಾ ಮಗಾ?’ ಎಂದಳು.

ಅವಳ ಹೊಲದಿಂದ ಬೇಲಿಯ ಆ ಕಡೆ ಎಲ್ಲ ಕಾಣುತ್ತದೆ ಎಂಬುದು ನನಗೆ ಆಗ ಹೊಳೆಯಿತು. ಗಂಡ ಚೀಲ ಹೊತ್ತು ತಂದದ್ದನ್ನು ಅವಳು ನೋಡಿದ್ದಾಳೆ. ಯಾರಿಗೂ ಹೇಳಿಲ್ಲ. ಯಾಕೆ ಹೇಳಲಿಲ್ಲ ಎಂದು ನಾನು ಕೇಳಲಿಲ್ಲ, ಅವಳೂ ಆ ಮಾತನ್ನು ಮತ್ತೆ ಎತ್ತಲಿಲ್ಲ. ಹಿಡಿಯಲ್ಲಿದ್ದ ಕಾಳನ್ನು ಒಂದೂ ಬೀಳದ ಹಾಗೆ ವಾಪಸ್ ಹರವಿ ಹೋದಳು.

ಕಳೆದ ವರ್ಷ ಪಂಚಾಯ್ತಿಯ ಕಸ ಹಾಕುವ ಜಾಗ ತುಂಬಿತು. ಬೇರೆ ಜಾಗ ಸಿಗುವವರೆಗೆ ಎಂದು ಪ್ಲೇನ್ ಗ್ರೌಂಡಿನ ಬೀಗ ತೆಗೆದರು. ಈಗ ನಾನು ಟ್ರ್ಯಾಕ್ಟರಿನ ಹಿಂದೆ ನಿಂತು ಹೋಗಿ ಊರಿನ ಕಸವನ್ನು ಅಲ್ಲಿ ಇಳಿಸುತ್ತೇನೆ. ಮೊದಲ ದಿನ ಮೂಡಣದ ಕಡೆ ಸುರಿದೆವು. ಸುಣ್ಣದ ಗೆರೆ ಎಲ್ಲೂ ಇರಲಿಲ್ಲ. ಬಿರುಕಿನಲ್ಲಿ ಮೊಣಕಾಲೆತ್ತರ ಹುಲ್ಲು. ಕಸ ಬಿದ್ದ ಮೇಲೆ ಕಾಗೆ, ಹದ್ದು, ನಾಯಿ ಎಲ್ಲ ಬರತೊಡಗಿದವು. ಓಡಿಸುವವರು ಯಾರೂ ಇಲ್ಲ, ಓಡಿಸುವ ಕಾರಣವೂ ಇಲ್ಲ. ಡ್ರೈವರ್ ನನ್ನನ್ನು ನೋಡಿ, ‘ಏನಕ್ಕಾ, ನಿಮ್ಮ ಏರ್‌ಪೋರ್ಟ್ ಈಗ ಬಿಜಿ ಆಯ್ತು’ ಎಂದು ನಗಾಡಿದ. ನಾನೂ ನಕ್ಕೆ. ಸಂಬಳದ ಕೆಲಸ.

ಅಣ್ಣನಿಗೆ ಹೇಳಬೇಕು ಎಂದು ಎಷ್ಟು ಸಲ ಹೊರಟಿದ್ದೇನೋ. ಯುಗಾದಿಗೆ ಹೋದಾಗ ಹೇಳಬೇಕು ಎಂದುಕೊಂಡೆ, ಅತ್ತಿಗೆ ಎಲೆ ಹಾಕಿ ಬಡಿಸಿಬಿಟ್ಟರು. ಅವನಿಗೆ ಜ್ವರ ಬಂದಾಗ ಹೇಳಬೇಕು ಎಂದುಕೊಂಡೆ, ಜ್ವರದವನಿಗೆ ಯಾಕೆ ಎಂದೆ. ಹೇಳದೇ ಇರಲು ಕಾರಣ ಹುಡುಕುವವಳಿಗೆ ಕಾರಣದ ಬರವಿಲ್ಲ. ಹೇಳಿದರೂ ಅವನ ಕೆಲಸ ತಿರುಗಿ ಬರುವುದಿಲ್ಲ, ನನ್ನದು ಹೋಗುತ್ತದೆ. ಅದೂ ನನ್ನ ಲೆಕ್ಕದಲ್ಲಿತ್ತು.

ಈ ಫೆಬ್ರವರಿಯಲ್ಲಿ ಅಜ್ಜಿ ತೀರಿಕೊಂಡಳು. ಬೆಳಿಗ್ಗೆ ಬಾಗಿಲು ತೆಗೆಯಲಿಲ್ಲ ಎಂದು ಪಕ್ಕದವರು ನೋಡಿದರು. ಹೊರುವುದಕ್ಕೆ ಜನ ಬೇಕಿತ್ತು. ಅವಳಿಗೆ ತನ್ನವರು ಅಂತ ಯಾರೂ ಇಲ್ಲ. ಕೇರಿಯ ಗಂಡಸರು ಕೆಲವರು ಕೆಲಸಕ್ಕೆ ಹೋಗಿದ್ದರು, ಕೆಲವರು ನೋಡೋಣ ಎಂದರು. ಅತ್ತಿಗೆ ನನಗೆ ಫೋನ್ ಮಾಡಿ, ‘ನಿಮ್ಮಣ್ಣ ಬರಲ್ಲ ಅಂತ ಕೂತವ್ರೆ. ಸತ್ತೋರ ಮೇಲೂ ಹಟವಾ? ನೀನಾದ್ರೂ ಹೋಗಿ ಹೇಳವ್ವ, ನಿನ್ನ ಮಾತು ಕೇಳ್ತಾರೆ’ ಎಂದರು.

ಶುಂಠಿ ಕಣಕ್ಕೆ ಹೋದೆ. ಅದು ಶುಂಠಿಯ ಸೀಸನ್ನು. ಗುಡ್ಡೆಗುಡ್ಡೆ ಶುಂಠಿ, ಮೋಟಾರಿನ ಸದ್ದು, ಎಲ್ಲೆಲ್ಲೂ ಕೆಸರು ನೀರು. ಸಾಲಾಗಿ ಕೂತ ಹತ್ತು ಹನ್ನೆರಡು ಹೆಂಗಸರು ಶುಂಠಿ ಉಜ್ಜುತ್ತಿದ್ದರು. ಅಣ್ಣ ಗಂಬೂಟು ಹಾಕಿಕೊಂಡು ಪೈಪು ಹಿಡಿದು ನೀರು ಹೊಡೆಯುತ್ತಿದ್ದ. ಅವನ ಕೈ ಬೆರಳಿನ ಸಂದಿಗಳೆಲ್ಲ ನೀರಿನಲ್ಲಿ ಕೊಳೆತು ಬೆಳ್ಳಗಾಗಿದ್ದವು.

‘ಅಣ್ಣ, ಅಜ್ಜಿ ಹೋಗ್ಬುಟ್ರು.’

‘ಕೇಳ್ದೆ’ ಎಂದ, ಪೈಪು ಇಳಿಸದೆ.

‘ಬಾ. ಹೆಣ ಹೊರಾಕೆ ಜನ ಇಲ್ಲ.’

‘ನಾನು ಬರಲ್ಲ ತಂಗಿ. ನನ್ನ ಅನ್ನ ತಿಂದ್ಳು ಅವ್ಳು. ಸುಳ್ಳು ಆಣೆ ಬೇರೆ ಮಾಡಿದ್ಳು. ಒಂದ್ಸಲ, ಒಂದೇ ಒಂದ್ಸಲ, ಹೌದಪ್ಪ ತಪ್ಪಾಯ್ತು ಅಂದಿದ್ರೆ ಅವತ್ತೇ ಬುಟ್ಬುಡ್ತಿದ್ದೆ. ಅನ್ನಲಿಲ್ಲ. ಹಂಗೇ ಹೋದ್ಳು.’

ನಾನು ಹೇಳಿದೆ. ನನ್ನ ದನಿ ನನಗೇ ಕೇಳಿಸಲಿಲ್ಲ, ಮೋಟಾರು ನುಂಗಿಬಿಟ್ಟಿತು. ಅಣ್ಣ ಕಿವಿಗೆ ಕೈ ಅಡ್ಡ ಹಿಡಿದು ಬಗ್ಗಿದ.

‘ಏನಂದೆ? ಜೋರಾಗಿ ಹೇಳು, ಕೇಳ್ತಿಲ್ಲ.’

ಇನ್ನೂ ಹಿಂದೆ ಸರಿಯಬಹುದಿತ್ತು. ಏನೂ ಇಲ್ಲ ಬುಡು ಎನ್ನಬಹುದಿತ್ತು. ಅವನ ಮುಖ ಅಷ್ಟು ಹತ್ತಿರ ಇತ್ತು. ಗಡ್ಡ ಪೂರ್ತಿ ಬೆಳ್ಳಗಾಗಿತ್ತು, ಅದನ್ನು ನಾನು ಯಾವತ್ತೂ ಗಮನಿಸಿರಲಿಲ್ಲ. ಕಣ ಪೂರ್ತಿ ಕೇಳುವ ಹಾಗೆ ಕಿರುಚಿದೆ. ಉಜ್ಜುತ್ತಿದ್ದ ಹೆಂಗಸರು ಕೈ ನಿಲ್ಲಿಸಿ ತಿರುಗಿದರು.

‘ಅಜ್ಜಿದಲ್ಲ ಅಣ್ಣ, ಆ ಜೋಳ ನಂದು! ನಾನೇ ಹರವಿದ್ದು. ಹಕ್ಕಿ ಕೂತಿದ್ದನ್ನ ನೋಡ್ದೆ, ನೋಡಿನೂ ಸುಮ್ನಿದ್ದೆ. ವಿಚಾರಣೇಲಿ ನಿನ್ನ ಮೇಲೆ ಹಾಕ್ದೆ. ಅಜ್ಜಿಗೆ ಗೊತ್ತಿತ್ತು, ಅವಳು ನನ್ನ ಹೆಸ್ರು ಹೇಳಲಿಲ್ಲ. ನಿನ್ನ ಅನ್ನ ತಿಂದಿದ್ದು ನಾನು. ತಪ್ಪಾಯ್ತು ಅಣ್ಣ. ನನ್ನದೇ ತಪ್ಪು, ತಪ್ಪಾಯ್ತು.’